ಎರಡಕ್ಷರದ ಜಾಗ

ಹಲೋ, ಯಾರು?... ಸೇತುವೆ ಎಂಜಿನಿಯರಾ? ಯಾವ ಎಂಜಿನಿಯರ್?... ಓ, ನೀನಾ! ಸೋದರಮಾವನ ಹತ್ರ ಹುದ್ದೆ ಹೇಳ್ಕೊಂಡು ಮಾತು ಶುರುಮಾಡಿದ್ಯಲ್ಲ, ಕೋಪ ಬಂದಿದೆ ಅಂತಾಯ್ತು.

...

ಹಾಂ, ನಿನ್ನ ಸೇತುವೆಗೆ ನಾನು ಕೆತ್ತಿದ ಕಲ್ಲಿನ ಫೋಟೋ ನೋಡಿದ್ಯಾ? ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ಅಲ್ವಾ?... ಅಕ್ಷರ ಸರಿ, ಪದ ತಪ್ಪಾ? ಯಾವ ಪದ?

...

"ನಮ್ಮ ನದಿಯ ಹೆಮ್ಮೆಯ ತೂಗುಸೇತುವೆ." ತಪ್ಪೆಲ್ಲಿ ಬಂತು?... ತೂಗಲ್ವಾ? ಅಷ್ಟೊಂದು ಹಗ್ಗ ಕಟ್ಟಿದ್ದೀಯಲ್ಲೇ, ಬಟ್ಟೆ ಒಣಗಿಸೋಕಾ?

...

ಹಗ್ಗ ಅಲ್ಲ, ಕೇಬಲ್. ಹಾಂ. ಕಂಬದ ತುದಿಯಿಂದ ನೆಟ್ಟಗೆ ರಸ್ತೆಗೇ ಬರುತ್ತೆ, ಛತ್ರಿ ಕಡ್ಡಿ ಥರ. ತೂಗುಸೇತುವೇಲಿ ಹಗ್ಗ ಜೋತುಬಿದ್ದಿರುತ್ತೆ, ನಿನ್ನದ್ರಲ್ಲಿ ಇಲ್ಲ. ಗೊತ್ತಾಯ್ತಮ್ಮಾ... ಹೌದು, ನೀನು ಹೇಳಿದ್ದು "ಕೇಬಲ್ ಆಧಾರಿತ ಸೇತುವೆ" ಅಂತಲೇ. ಕೇಳೋಕೆ ಟಿವಿ ರಿಪೇರಿ ಅಂಗಡಿ ಬೋರ್ಡಿನ ಹಾಗಿತ್ತು. ಸ್ವಲ್ಪ ತಿದ್ದಿದೆ.

...

ಅಯ್ಯೋ, ಅಳಬೇಡ ಕಣೇ. ಆರು ವರ್ಷ ಬಿಸಿಲಲ್ಲಿ ಬೆಂದು ಕಟ್ಟಿದ್ದೀಯ, ಬೇರೆ ಎಂಜಿನಿಯರುಗಳು ಓದಿ ನಗ್ತಾರೆ, ಅಷ್ಟೇ ತಾನೇ?... ಅಷ್ಟೇ ಅಲ್ವಾ? ಈ ಕಲ್ಲು ನಿಂತ್ರೆ ಸಂಜೆ ಉದ್ಘಾಟನೆಗೇ ಬರಲ್ವಾ?

...

ಅಳಿಸೋಕೆ ಇದೇನು ಸ್ಲೇಟಾ? ಬೇರೆ ಕಲ್ಲು ತರಿಸೋಕೆ ಎಂಟು ದಿನ ಬೇಕು, ಇದನ್ನ ಎತ್ತಿ ನಿಲ್ಲಿಸೋಕೆ ಕ್ರೇನ್ ಬರೋದು ಇವತ್ತು ಮೂರು ಗಂಟೆಗೆ. ಸಿಮೆಂಟ್ ಮೆತ್ತು ಅಂತ ಮಾತ್ರ ಹೇಳಬೇಡ... ಹೇಳಿದ್ಯಾ? ನನಗೆ ಕೇಳಿಸಲಿಲ್ಲ.

...

ನನಗೆ ಯಾಕೆ ಆ ಪದವೇ ಹೊಳೀತು ಅಂತನಾ?... ನಿನ್ನ ತೊಟ್ಟಿಲು ತೂಗಿದ ಕೈ ಕಣೇ ಇದು. ನಿನ್ನ ವಿಷಯ ಬಂದ್ರೆ ಅದಕ್ಕೆ ಗೊತ್ತಿರೋದು ಅದೊಂದೇ ಕೆಲಸ.

...

ಏಯ್, ತಾಳು ತಾಳು. ಸಾಲಿನ ಕೊನೇಲಿ ಎರಡಕ್ಷರದ ಜಾಗ ಉಳಿದಿದೆ. ಅಳಿಸೋಕಾಗಲ್ಲ, ಸೇರಿಸೋಕಾಗುತ್ತೆ. "ಯಲ್ಲ" ಅಂತ ಕೆತ್ತಿಬಿಡ್ಲಾ? "ತೂಗುಸೇತುವೆಯಲ್ಲ"! ಓದಿದವರು ಮತ್ತೇನು ಅಂತ ಕೇಳೇ ಕೇಳ್ತಾರೆ. ನೀನು ಪಕ್ಕದಲ್ಲೇ ನಿಂತು ಛತ್ರಿ ಕಡ್ಡಿ ಕತೆ ಹೇಳು... ನಗ್ತಿದ್ದೀಯಾ? ನಗ್ತಿದ್ದೀಯ!

...

ಹಾಗಾದ್ರೆ ಕೆತ್ಲಾ?... ಏನಂದೆ? ಸೇತುವೆ ಮೇಲೇ ನಿಂತಿದ್ದೀಯಾ, ಬರೀ ಗಾಳಿ ಕೇಳಿಸ್ತಿದೆ. ಹೂಂ ಅಂದ್ಯಾ, ಉಹೂಂ ಅಂದ್ಯಾ?... ಹಲೋ? ಹಲೋ?

...

ಲೈನ್ ಹೋಯ್ತು. ಇವಳೇ, ನನಗಂತೂ ಹೂಂ ಅಂತಲೇ ಕೇಳಿಸ್ತು. ಆ ಸಣ್ಣ ಉಳಿ ಎಲ್ಲಿಟ್ಟೆ?