ಸಾಣೆಕಲ್ಲಿನ ಗುಳಿ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡಿದರೆ ನೀವೆಲ್ಲ ನೆಟ್ಟಗೆ ಕೂರುತ್ತೀರಿ. ಇವತ್ತಿನ ಪ್ರವಚನಕ್ಕೆ ಶ್ರೀಮಂತ ಬೇಡ. ಅವನ ಕಥೆ ಹೇಳಿ ಹೇಳಿ ನನಗೂ ಸಾಕಾಗಿದೆ. ಒಬ್ಬ ಕ್ಷೌರಿಕನ ಕಥೆ ಹೇಳುತ್ತೇನೆ, ಕೇಳಿ.

ಅವನಿಗೆ ಐವತ್ತು ದಾಟಿತ್ತು. ಮೂವತ್ತು ವರ್ಷ ಊರವರ ಗಡ್ಡ ಹೆರೆದ ಕೈ ಅದು. ಅವನು ಕತ್ತಿ ಆಡಿಸುತ್ತಿದ್ದರೆ ಜನ ಕೂತಲ್ಲೇ ತೂಕಡಿಸುತ್ತಿದ್ದರು. ಅಂಥವನ ಕತ್ತಿ ಈಚೆಗೆ ಕೂದಲನ್ನು ಕತ್ತರಿಸದೆ ಜಗ್ಗತೊಡಗಿತ್ತು. ಮಸೆದ. ಮತ್ತೆ ಮಸೆದ. ಹೊಸ ಕತ್ತಿ ತಂದು ಅದನ್ನೂ ಮಸೆದ. ನಾಲ್ಕು ದಿನಕ್ಕೆ ಅದೂ ಜಗ್ಗಿತು. ಕತ್ತಿ ಮಾಡಿದವನನ್ನು ಬೈದ, ನೀರನ್ನು ಬೈದ, ಗಿರಾಕಿಗಳ ಒರಟು ಗಡ್ಡವನ್ನೂ ಬೈದ. ನೋಡಿ, ಬೈಯುವುದಕ್ಕೆ ನಮಗೆ ಎಷ್ಟೊಂದು ಜಾಗ ಸಿಗುತ್ತದೆ!

ಊರಲ್ಲಿ ಹಾಸಿಗೆ ಹಿಡಿದ ಹಿರಿಯರೊಬ್ಬರಿದ್ದರು. ಇವನು ಪ್ರತಿ ಸೋಮವಾರ ಅವರ ಮನೆಗೇ ಹೋಗಿ ಕ್ಷೌರ ಮಾಡುತ್ತಿದ್ದ. ಒಂದು ಸೋಮವಾರ ಅವರ ಕೆನ್ನೆಯಲ್ಲಿ ರಕ್ತ ಬಂತು. ಒಂದು ಕಡೆಯಲ್ಲ, ಮೂರು ಕಡೆ. ಹಿರಿಯರು ಬೈಯಲಿಲ್ಲ.

"ಸಾಕು ಬಿಡಪ್ಪ. ನಿನ್ನ ಕೈಗೂ ವಯಸ್ಸಾಯ್ತು," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಮನೆ ಸೇರುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದ: ನನ್ನ ಕೈ ಹೋಯಿತು, ಇನ್ನು ಪೆಟ್ಟಿಗೆ ಮುಚ್ಚಿಡುವುದೇ ಸರಿ.

ಮರುದಿನ ಮಂಗಳವಾರ, ಅಂಗಡಿಗೆ ರಜೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಚಪ್ಪಡಿಯ ಪಕ್ಕ ಕೂತು, ಕೊನೆಯ ಸಲ ಎಂದುಕೊಂಡು ಸಾಣೆಕಲ್ಲಿನ ಮೇಲೆ ಕತ್ತಿ ಮಸೆಯುತ್ತಿದ್ದ. ಅಷ್ಟರಲ್ಲಿ ಒಳಕಲ್ಲು ಕಟೆಯುವ ಹೆಂಗಸು ಕೂಗುತ್ತಾ ಬಂದಳು. ರುಬ್ಬಿ ರುಬ್ಬಿ ನುಣ್ಣಗಾದ ಕಲ್ಲಿಗೆ ಉಳಿ ಹೊಡೆದು ಮತ್ತೆ ತರಿ ಮಾಡಿಕೊಡುವವಳು. ಇವನು ಮಸೆಯುವುದನ್ನು ನೋಡಿ ನಕ್ಕಳು.

"ಕತ್ತಿಗ್ಯಾಕಣ್ಣ ಆ ಪಾಟಿ ಹಿಂಸೆ? ಕಲ್ಲೇ ಗುಳಿ ಬಿದ್ದೈತಲ್ಲ!"

"ಒಳಕಲ್ಲು ಕಟಿಯೋಳಿಗೆ ಕತ್ತಿ ವಿಚಾರ ಏನಮ್ಮ ಗೊತ್ತು?"

"ಕತ್ತಿ ಗೊತ್ತಿಲ್ಲಣ್ಣ. ಕಲ್ಲು ಗೊತ್ತು."

ತನ್ನ ಉಳಿಯನ್ನು ಸಾಣೆಕಲ್ಲಿನ ಮೇಲೆ ಅಡ್ಡಲಾಗಿ ಇಟ್ಟು ತೋರಿಸಿದಳು. ಉಳಿಯ ಅಡಿಯಲ್ಲಿ ಬೆಳಕು ಕಾಣುತ್ತಿತ್ತು. ಮಸೆಯುವಾಗ ಅಲಗಿನ ಎರಡು ತುದಿ ಮಾತ್ರ ಕಲ್ಲಿಗೆ ತಾಗುತ್ತಿದ್ದವು, ನಡುವಿನ ಭಾಗ ತಾಗುತ್ತಲೇ ಇರಲಿಲ್ಲ.

ಅವನಿಗೆ ಸಿಟ್ಟು ಬಂತು. "ಅದು ನಮ್ಮಪ್ಪನ ಕಲ್ಲು. ಅವನ ಕೈಯಿಂದ ಬಿದ್ದ ಗುಳಿ. ಅಮಾವಾಸ್ಯೆಗೊಂದ್ಸಲ ಕುಂಕುಮ ಇಟ್ಟು ಕೈ ಮುಗೀತೀನಿ. ಅದನ್ನ ಉಜ್ಜಿ ಸವೆಸೋಕೆ ನನಗೆ ಮನಸ್ಸು ಬರಲ್ಲ."

"ಹಂಗಾದ್ರೆ ಈ ಚಪ್ಪಡಿ ಮೂಲೆ ಯಾಕೆ ಹಿಂಗೆ ನುಣ್ಣಗೈತೆ? ಬಟ್ಟೆ ಒಗೆದ್ರೆ ಹಿಂಗಾಗಲ್ಲ ಕಣಣ್ಣ. ಇಲ್ಲಿ ಯಾರೋ ಕಲ್ಲಿಗೆ ಕಲ್ಲು ಉಜ್ಜವ್ರೆ."

ಅವನ ಕೈ ನಿಂತಿತು. ಹೌದು, ಪ್ರತಿ ಮಂಗಳವಾರ ಅಪ್ಪ ಆ ಮೂಲೆಯಲ್ಲಿ ಮರಳು, ನೀರು ಇಟ್ಟುಕೊಂಡು ಕೂತಿರುತ್ತಿದ್ದ. ಸಾಣೆಕಲ್ಲಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ಗೆರೆಗಳೆಲ್ಲ ಅಳಿಯುವವರೆಗೆ ಅದನ್ನು ಚಪ್ಪಡಿಗೆ ಉಜ್ಜುತ್ತಿದ್ದ. ಮುದುಕನಿಗೆ ಹೊತ್ತು ಹೋಗುತ್ತಿಲ್ಲ ಎಂದುಕೊಂಡು ಇವನು ಒಳಗೆ ಮಲಗಿರುತ್ತಿದ್ದ. ಅಪ್ಪ ಬಿಟ್ಟುಹೋದದ್ದು ಸಮನಾದ ಕಲ್ಲು. ಗುಳಿ ಇವನದು. ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ತನ್ನ ಸೋಮಾರಿತನಕ್ಕೇ ಕುಂಕುಮ ಇಟ್ಟಿದ್ದ! ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

ಕುಂಕುಮ ತೊಳೆದ. ಗೆರೆ ಎಳೆದ. ಉಜ್ಜಿದ. ಅಂಚಿನ ಗೆರೆಗಳು ಅಳಿದವು, ನಡುವಿನವು ಹಾಗೇ ಉಳಿದವು. ತೋಳು ಸೋತು ಬಂತು. ಮತ್ತೆ ಉಜ್ಜಿದ. ಸಂಜೆಯ ಹೊತ್ತಿಗೆ ಕೊನೆಯ ಗೆರೆಯೂ ಹೋಯಿತು. ಆಮೇಲೆ ಕತ್ತಿಯನ್ನು ಹೊಸದಾಗಿ ಮಸೆದ.

ಮುಂದಿನ ಸೋಮವಾರ ಹಿರಿಯರ ಮಂಚದ ಪಕ್ಕ ನಿಂತು, "ಇದೊಂದು ಸಲ ಬುದ್ಧಿ," ಎಂದು ಬೇಡಿಕೊಂಡ. ಎರಡೂ ಕೆನ್ನೆ ಮುಗಿಸಿ ಕತ್ತಿ ಒರೆಸುತ್ತಿದ್ದಾಗ ಹಿರಿಯರು ಕಣ್ಣು ಮುಚ್ಚಿಕೊಂಡೇ ಕೇಳಿದರು: "ಯಾಕಪ್ಪ, ಇನ್ನೂ ಶುರು ಮಾಡಲಿಲ್ವೇ?"

ನಗುತ್ತೀರಿ. ನಗಿ. ಆದರೆ ಹೇಳಿ, ನಿಮ್ಮ ಮನೆಯಲ್ಲಿ ಕತ್ತಿ ಯಾರು, ಕಲ್ಲು ಯಾರು? ಮಗ ಮಾತು ಕೇಳುವುದಿಲ್ಲ ಎಂದು ಮಸೆಯುತ್ತೀರಿ. ಸೊಸೆ ಸರಿಯಿಲ್ಲ ಎಂದು ಮಸೆಯುತ್ತೀರಿ. ಮಸೆಯುವ ನಿಮ್ಮ ಮನಸ್ಸು ಸಮನಾಗಿದೆಯೇ? ಸಿಟ್ಟು ನಮ್ಮಪ್ಪನಿಂದ ಬಂದದ್ದು, ಹಟ ನಮ್ಮ ಮನೆತನದ ಗುಣ ಎಂದು ಆ ಗುಳಿಗೆ ಕುಂಕುಮ ಇಟ್ಟು ಕೂತಿದ್ದೀರಿ, ಅಲ್ಲವೇ?

ವಾರಕ್ಕೊಂದು ದಿನ, ಒಂದೇ ಒಂದು ದಿನ, ಮನೆಯಲ್ಲಿ ಯಾರನ್ನೂ ತಿದ್ದಬೇಡಿ. ನೀವು ದಿನವೂ ಬೈಯುವವರ ಹತ್ತಿರ ಹೋಗಿ ಕೂತು, ನನ್ನಲ್ಲಿ ಏನು ತಪ್ಪಿದೆ ಎಂದು ಕೇಳಿ. ಅವರು ಹೇಳಿದರೆ ಎದುರು ಮಾತಾಡಬೇಡಿ. ತೋಳು ಸೋಲುತ್ತದೆ, ಗೊತ್ತು.

ಇವರಿಗೆ ಎಷ್ಟು ಹೇಳಿದರೂ ಇಷ್ಟೇ ಎಂದು ನಾನೂ ನಿಮ್ಮ ಮೇಲೆ ಬೇಸರಪಟ್ಟುಕೊಂಡೇ ಇಷ್ಟು ವರ್ಷ ಇಲ್ಲಿ ಕೂತೆ. ದಣಿದಿದ್ದೇನೆ. ಆದರೆ ಒಂದು ದಿನವೂ ನಿಮ್ಮನ್ನು ಕೇಳಲಿಲ್ಲ. ಇವತ್ತು ಕೇಳುತ್ತಿದ್ದೇನೆ. ನನ್ನ ಗುಳಿ ಎಲ್ಲಿದೆ, ಹೇಳಿ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.