ಲಕ್ಷ್ಮಿಗೆ ಬಿಟ್ಟ ಹಿಡಿ ಅಕ್ಕಿ

ಸದಾಶಿವ ಪೇಠೆಯ ರೇಶನ್ ಅಂಗಡಿ ಮುಂದೆ ನಿಂತು ನಿಂತು ವೇಣುಬಾಯಿಯ ಕಾಲುಗಳು ಸೋತಿದ್ದವು. ಸಾಲಿನಲ್ಲಿ ಅವಳ ಮುಂದಿದ್ದ ಮುದುಕಿ, ಬರಿ ಚೀಲ ಹಿಡಿದು ಅಂಗಡಿಯಿಂದ ವಾಪಸು ಬರುತ್ತಿದ್ದ ಹೆಂಗಸನ್ನು ತಡೆದಳು. ಅವರ ಮಾತು ಹಿಂದೆ ನಿಂತಿದ್ದ ವೇಣುಬಾಯಿಗೂ ಕೇಳಿಸಿತು.

"ಯಮುನಾ, ನೀವು ಧಾರವಾಡಕ್ಕ ಹೋಗಲಿಲ್ಲೇನ?"

"ಇವರ ವರ್ಗ ರದ್ದಾತ್ರಿ, ತುಂಗಕ್ಕ."

"ಚಲೋ ಆತಲ್ಲ."

"ಏನ್ ಚಲೋರಿ? ಹೊತ್ತೊಯ್ಯೂದು ಬ್ಯಾಡಂತ ಬ್ಯಾಳಿ, ಶ್ಯಾವಿಗಿ, ಸಂಡಿಗಿ ಎಲ್ಲಾ ತಿಂದು ಮುಗಿಸೇವಿ. ರೇಶನ್ ಕಾರ್ಡೂ ತಿರುಗಿ ಕೊಟ್ಟೇವಿ. ಹೊಸಾದು ಬರೋತನಕಾ ಏನೂ ಕೊಡಂಗಿಲ್ಲಂತ."

"ಮನ್ಯಾಗ ಅಕ್ಕಿ?"

"ಡಬ್ಬಿ ಬರಿದಾಗಬಾರದಂತ ಲಕ್ಷ್ಮಿಗೆ ಬಿಟ್ಟ ಒಂದು ಹಿಡಿ ಅದ. ಅದನ್ನ ಬೇಯಿಸಬಹುದೇನ್ರಿ?"

ತುಂಗಕ್ಕ ತನ್ನ ರೇಶನ್ ಕಾರ್ಡು ಎತ್ತಿ ತೋರಿಸಿದಳು.

"ನಾಕು ಕಾಳು ಬಿಟ್ಟು ಬೇಯಿಸು. ಈಗ ಲಕ್ಷ್ಮಿಗೂ ರೇಶನ್ ಅದ."

ಯಮುನಾ ನಗಲಿಲ್ಲ. ಚೀಲ ಮಡಚಿಕೊಂಡು ಮನೆಯ ಕಡೆ ನಡೆದಳು.