ತಿರುವಿನವರೆಗೆ ಕೈ ಬೀಸುವ ಮನೆ

ಮಳೆ ಮಧ್ಯಾಹ್ನದಿಂದಲೇ ಹಿಡಿದಿತ್ತು. ಹಿದಾ ಬೆಟ್ಟಗಳ ನಡುವಿನ ಆ ಕಣಿವೆಯಲ್ಲಿ ಮೇಪಲ್ ಮರಗಳು ಕೆಂಪಾಗಿ ನಿಂತಿದ್ದವು. ಇನ್ನೊಂದು ದಿನ ಬಿಸಿಲು ಬಿದ್ದಿದ್ದರೆ ಮೇಲಿನ ದೇವಸ್ಥಾನದ ಮೆಟ್ಟಿಲು ಹತ್ತಿ ಎಲ್ಲವನ್ನೂ ಕಣ್ತುಂಬ ನೋಡಿಕೊಂಡು ಬರಬಹುದಿತ್ತು. ಈಗ ಬಸ್ಸೂ ನಿಂತುಹೋಗಿತ್ತು. ಉಮೆನೊ ಅಜ್ಜಿಯ ವಸತಿಗೃಹದಲ್ಲಿ ಸಿಕ್ಕಿಕೊಂಡವರು ನಾವು ಮೂವರೇ. ಹೊಸದಾಗಿ ಮದುವೆಯಾಗಿ ಊರು ನೋಡಲು ಹೊರಟಿದ್ದ ತಕುಮಾ ಮತ್ತು ಚಿನಾತ್ಸು ಎಂಬ ಜೋಡಿ, ಜೊತೆಗೆ ನಾನು, ಒಸಾಕಾದಲ್ಲಿ ಬಹಳ ವರ್ಷ ಕ್ಷೌರದಂಗಡಿ ನಡೆಸಿ ಈಗ ಬಾಗಿಲು ಹಾಕಿರುವ ಮುದುಕ.

ಬಿಸಿನೀರಿನ ಬುಗ್ಗೆಯಲ್ಲಿ ಮಿಂದು, ಅಜ್ಜಿ ಕೊಟ್ಟ ಹತ್ತಿಯ ನಿಲುವಂಗಿ ತೊಟ್ಟು, ಅಣಬೆ ಸಾರು, ಸುಟ್ಟ ಹೊಳೆಮೀನು, ಬಿಸಿ ಅನ್ನ ಉಂಡೆವು. ಊಟದ ನಡುವೆ ಅಜ್ಜಿ, "ಮನೇಲಿ ಯಾರಿದ್ದಾರೆ ನಿಮಗೆ?" ಎಂದು ನನ್ನನ್ನು ಕೇಳಿದರು.

"ಯಾರೂ ಇಲ್ಲ ಅಜ್ಜಿ. ಹೆಂಡತಿ ಹೋದ ವರ್ಷ ತೀರಿಕೊಂಡಳು. ಆದ್ರೂ ನಿನ್ನೆ ಬಾಗಿಲು ಹಾಕುವಾಗ ಒಳಗೆ ಇಣುಕಿ 'ಹೋಗಿ ಬರ್ತೀನಿ' ಅಂದೆ. ಅಭ್ಯಾಸ ನೋಡಿ. 'ಹೋಗಿ ಬನ್ನಿ' ಅನ್ನೋರು ಯಾರಿದ್ದಾರೆ?" ಎಂದೆ.

ಅಜ್ಜಿ ನನ್ನ ಬಟ್ಟಲಿಗೆ ಇನ್ನಷ್ಟು ಅನ್ನ ಹಾಕಿದರು.

ಊಟ ಮುಗಿದ ಮೇಲೆ ರಜಾಯಿ ಹೊದಿಸಿದ ತಗ್ಗು ಮೇಜಿನ ಕೆಳಗೆ ಬೆಚ್ಚಗೆ ಕಾಲು ಚಾಚಿ ಎಲ್ಲರೂ ಕೂತೆವು. ಅಜ್ಜಿಗೆ ಎರಡೂ ಭುಜ ಹಿಡಿದುಕೊಂಡಿದ್ದವು; ಕೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಗೂಡಿನಲ್ಲಿದ್ದ ಚಹಾ ಬಟ್ಟಲುಗಳನ್ನು ತಕುಮಾನೇ ಎದ್ದು ಇಳಿಸಿಕೊಟ್ಟ. ಚಿನಾತ್ಸು ಚಹಾ ಹೀರುತ್ತ, "ಅಜ್ಜಿ, ಹೊರಬಾಗಿಲ ಹತ್ರ ಒಂದು ಹಳದಿ ಕಾಗದದ ಛತ್ರಿ ಇದೆಯಲ್ಲ, ಎಷ್ಟು ಚೆನ್ನಾಗಿದೆ! ಈಗ ಅಂಥದ್ದು ಎಲ್ಲಿ ಸಿಗತ್ತೆ?" ಎಂದಳು.

ಅಜ್ಜಿಯ ಕೈಯಲ್ಲಿದ್ದ ಕೆಟಲ್ ಹಾಗೇ ನಿಂತಿತು.

"ಒದ್ದೆ ಇತ್ತಾ ಮಗಳೇ?"

"ಹೂಂ. ನೀರು ತೊಟ್ಟಿಕ್ತಾ ಇತ್ತು."

ಅಜ್ಜಿ ಮೆಲ್ಲಗೆ ಕೂತರು. "ಹಾಗಾದ್ರೆ ಇವತ್ತೇ ಹೇಳಿಬಿಡ್ಬೇಕು. ನಾಳೆಗೆ ಅಂತ ಇಟ್ಕೊಂಡ್ರೆ ಆಗಲ್ಲ. ಹತ್ತಿರ ಬನ್ನಿ, ನಿಮಗೆ ಚಳಿ ಆಗತ್ತೆ," ಎಂದು ಶುರು ಮಾಡಿದರು.

"ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಈ ಹುಡುಗಿಗಿಂತ ಚಿಕ್ಕವಳು. ನಮ್ಮತ್ತೆ ಹೆಸರು ಶಿಗೆ. ಅಬ್ಬಬ್ಬಾ, ಏನು ಬಾಯಿ ಅಂತೀರಿ! ಬೆಳಗಾಗೆದ್ದರೆ ನನ್ನ ಮೇಲೆ, ನನ್ನ ಗಂಡ ಕನ್‌ಸುಕೆ ಮೇಲೆ, ಒಲೆ ಮೇಲೆ, ಕೊನೆಗೆ ಬೆಕ್ಕಿನ ಮೇಲೂ ಬೈಗುಳ. ಆದ್ರೆ ಬಂದವರು ಹೊರಟು ನಿಂತ್ರೆ ಸಾಕು, ಬೇರೆ ಹೆಂಗಸೇ ಆಗಿಬಿಡೋರು. ಬಾಗಿಲ ಮುಂದೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, 'ಹೋಗಿ ಬನ್ನಿ' ಅಂತ ಕೂಗಿ, ಕೈ ಎತ್ತಿ ಬೀಸಕ್ಕೆ ನಿಲ್ಲೋರು... ಎಲ್ಲೀವರೆಗೆ ಅಂತೀರಾ? ಸೇತುವೆ ದಾಟಿ ರಸ್ತೆ ತಿರುಗತ್ತಲ್ಲ, ಕೆಂಪು ಬಟ್ಟೆ ಕಟ್ಕೊಂಡು ಕಲ್ಲಿನ ಜಿಜೋ ದೇವರು ಕೂತಿದ್ದಾನಲ್ಲ, ಅಲ್ಲೀವರೆಗೆ. ಹೋಗೋರು ಅಲ್ಲಿ ತಿರುಗಿ ನೋಡಿ ತಲೆ ಬಗ್ಗಿಸ್ಬೇಕು, ಆಮೇಲೇ ಇವರ ಕೈ ಇಳಿಯೋದು. ಒಲೆ ಮೇಲೆ ಮೀನು ಸೀದು ಕರಕಲಾದ್ರೂ ಕದಲ್ತಿರಲಿಲ್ಲ.

"ಒಂದ್ಸಲ ನಾನೇ ಬಾಯಿಬಿಟ್ಟು ಕೇಳಿದೆ. 'ಏನತ್ತೆ, ಒಂದು ರಾತ್ರಿ ಮಲಗಿ ಹೋಗೋರಿಗೆ ಇಷ್ಟೊಂದಾ?' 'ಮಲಗಕ್ಕೆ ಎಲ್ಲಿ ಬೇಕಾದ್ರೂ ಜಾಗ ಸಿಗತ್ತೆ ಕಣೇ ಪೆದ್ದಿ. ತಿರುಗಿ ನೋಡಿದಾಗ ಯಾರಾದ್ರೂ ನಿಂತಿರಬೇಕು, ಅದಕ್ಕೇ ಜನ ಬರೋದು' ಅಂದ್ರು. ನನಗೆ ಆಗ ಅರ್ಥ ಆಗಲಿಲ್ಲ. ಸೆತ್ಸು ಅಕ್ಕನ್ನ ನೋಡಿದ ಮೇಲೆ ಆಯ್ತು.

"ಸೆತ್ಸು ಅಕ್ಕ ಅಂದ್ರೆ ನಗೋಯಾದಲ್ಲಿ ಕಿಮೊನೊ ಹೊಲಿಯೋ ಹೆಂಗಸು. ಗಂಡ ಇಲ್ಲ, ಮಕ್ಕಳಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ವರ್ಷವಿಡೀ ತಲೆ ಬಗ್ಗಿಸಿ ಸೂಜಿ ಹಿಡಿದು ಕೂತಿರೋರು, ಎಲೆ ಕೆಂಪಾಗೋ ಕಾಲ ಬಂತು ಅಂದ್ರೆ ಸೂಜಿ ಕೆಳಗಿಟ್ಟು, ಹಳದಿ ಛತ್ರಿ ತಗೊಂಡು ಊರು ನೋಡಕ್ಕೆ ಹೊರಟುಬಿಡೋರು. ಒಂದು ವರ್ಷ ಕ್ಯೋತೊ ದೇವಸ್ಥಾನಗಳು, ಇನ್ನೊಂದು ವರ್ಷ ನಾರಾದ ಜಿಂಕೆಗಳು... ಎಲ್ಲಿಗೆ ಹೋದ್ರೂ ಕೊನೇ ರಾತ್ರಿ ಮಾತ್ರ ನಮ್ಮನೇಲೇ. 'ಬೇರೆ ಕಡೆ ಎಲೆ ಇನ್ನೂ ಚೆನ್ನಾಗಿರತ್ತೆ ಶಿಗೆ ಅಕ್ಕ, ಆದ್ರೆ ನನ್ನನ್ನ ಕಳಿಸಿಕೊಡೋರು ಇಲ್ಲಿ ಮಾತ್ರ ಇರೋದು' ಅನ್ನೋರು.

"ಒಂದು ವರ್ಷ ಅವರು ಹೊರಡೋ ಬೆಳಿಗ್ಗೆ ಮಂಜು ಇಳೀತು ನೋಡಿ... ಎದುರಿಗೆ ನಿಂತವರ ಮುಖ ಕಾಣದಂಥ ಮಂಜು. ಸೇತುವೆ ಮುಟ್ಟೋ ಮೊದಲೇ ಹಳದಿ ಛತ್ರಿ ಕಣ್ಮರೆ ಆಯ್ತು. ಅತ್ತೆ ಬೀಸಿದ್ರು, ನಾನೂ ಬೀಸಿದೆ. ಎಷ್ಟು ಹೊತ್ತು ಅಂತ ಬೀಸೋದು? ಅವರು ತಿರುವು ದಾಟಿದ್ರೋ, ಅಲ್ಲೇ ನಿಂತು ನಮ್ಮ ಕೈ ಹುಡುಕ್ತಾ ಇದ್ರೋ, ಯಾರಿಗೆ ಗೊತ್ತು? ಕೈ ಸೋತು ಒಳಗೆ ಬಂದ್ವಿ. ಆ ಚಳಿಗಾಲದಲ್ಲೇ ಸೆತ್ಸು ಅಕ್ಕ ಜ್ವರ ಬಂದು ಹೋಗಿಬಿಟ್ರು ಅಂತ ಸುದ್ದಿ ಬಂತು. ಅವತ್ತು ಅತ್ತೆ ಯಾರನ್ನೂ ಬೈಲಿಲ್ಲ. ಬೆಕ್ಕನ್ನೂ ಬೈಲಿಲ್ಲ.

"ಮುಂದಿನ ಶರತ್ಕಾಲ. ಎಲೆ ಕೆಂಪಾಯ್ತು, ಜನ ಬಂದ್ರು, ಮನೆ ತುಂಬ್ತು. ನಾನು ಒಂದು ಸಂಜೆ ಅಂಗಳದ ಕಾಕಿ ಮರದ ಹಣ್ಣು ಸುಲಿದು, ದಾರಕ್ಕೆ ಕಟ್ಟಿ, ಒಣಗಕ್ಕೆ ಸೂರಿಗೆ ತೂಗುಹಾಕ್ತಾ ಇದ್ದೆ. ಹಾಗೇ ಕಣ್ಣೆತ್ತಿದ್ರೆ... ತಿರುವಿನಲ್ಲಿ ಹಳದಿ ಛತ್ರಿ. ಬಿಸಿಲಿತ್ತು ಕಣ್ರೀ! ಒಂದು ಹನಿ ಮಳೆ ಇಲ್ಲ. ಆದ್ರೂ ಛತ್ರಿ ಬಿಚ್ಚಿತ್ತು, ಅಂಚಿಂದ ನೀರು ಇಳೀತಿತ್ತು. ಸೆತ್ಸು ಅಕ್ಕನ ಮುಖ ನಮ್ಮನೆ ಕಡೆ. ಮಾರನೇ ದಿನ ನೋಡ್ತೀನಿ, ಸೇತುವೆ ಮೇಲೆ. ಅದರ ಮಾರನೇ ದಿನ ನಮ್ಮ ಕಾಕಿ ಮರದ ಕೆಳಗೇ ಬಂದು ನಿಂತಿದ್ರು. ಮಾತಿಲ್ಲ, ಕತೆಯಿಲ್ಲ. ಮನೆ ಬಾಗಿಲನ್ನೇ ನೋಡ್ತಾ ನಿಂತಿದ್ರು.

"ಮಹಡಿ ಮೇಲಿದ್ದ ಅತಿಥಿಗಳೂ ನೋಡಿದ್ರು. ನೋಡಿ ಸುಮ್ನಿರ್ತಾರಾ? ಎದ್ದೆವೋ ಬಿದ್ದೆವೋ ಅಂತ ಓಡಿದ್ರು, ಒಬ್ಬನಂತೂ ಎಡಗಾಲಿಗೆ ಒಂದು ಚಪ್ಪಲಿ ಬಲಗಾಲಿಗೆ ಇನ್ನೊಬ್ಬರ ಚಪ್ಪಲಿ ಹಾಕ್ಕೊಂಡು ಓಡಿದ. ಸುದ್ದಿ ಕಣಿವೆಯೆಲ್ಲ ಹಬ್ಬಿತು. ನಮಗೆ ಎಲೆ ಕಾಲದ ದುಡಿಮೆಯೇ ವರ್ಷದ ಊಟ. 'ಹೀಗೇ ಆದ್ರೆ ಮನೆ ಮಾರಿ ಬೀದಿಗೆ ಬೀಳ್ಬೇಕಾಗತ್ತೆ ಅಮ್ಮ' ಅಂತ ನನ್ನ ಗಂಡ ತಲೆ ಮೇಲೆ ಕೈ ಹೊತ್ತು ಕೂತ್ರು. ಕೊನೆಗೆ ಮೇಲಿನ ದೇವಸ್ಥಾನದ ಗುರುಗಳ ಹತ್ರ ಹೋದ್ವಿ.

"ಗುರುಗಳು ಕೇಳಿ, 'ಅವರನ್ನ ಸರಿಯಾಗಿ ಕಳಿಸಿಕೊಟ್ಟಿಲ್ಲ. ಅವರ ಲೆಕ್ಕದಲ್ಲಿ ಅವರು ಇನ್ನೂ ಹೊರಟೇ ಇಲ್ಲ. ಸತ್ತವರಿಗೆ ಹೇಳೋ ಮಾತು ಹೇಳಿ ಕಳಿಸಿ, ಇನ್ನು ಬರಬೇಡಿ, ನೆಮ್ಮದಿಯಾಗಿ ಹೋಗಿ ಅನ್ನಿ. ಆದ್ರೆ ಶಿಗೆ ತಾಯಿ, ಅಪ್ಪಿತಪ್ಪಿಯೂ ಹೋಗಿ ಬನ್ನಿ ಅಂತ ಅನ್ನಬೇಡಿ. ಅಂದ್ರೆ ಅದು ವಾಪಸ್ ಬರಕ್ಕೆ ಅಪ್ಪಣೆ ಕೊಟ್ಟ ಹಾಗೆ' ಅಂದ್ರು.

"ಅತ್ತೆ ಎಲ್ಲಾ ಕೇಳಿಸಿಕೊಂಡು ಮನೆಗೆ ಬಂದವರೇ ಒಲೆ ಹಚ್ಚಿದ್ರು. 'ಬಾಗಿಲಿಗೆ ಬಂದವರನ್ನ ಹಾಗೇ ಅಟ್ಟಕ್ಕಾಗತ್ತಾ? ಮೊದಲು ಒಳಗೆ ಕರೀಬೇಕು. ಸ್ನಾನ, ಊಟ, ಹಾಸಿಗೆ ಎಲ್ಲಾ ಆಗ್ಬೇಕು. ಕಳಿಸೋದು ಆಮೇಲೆ.' ನನ್ನ ಗಂಡ, 'ದೆವ್ವಕ್ಕೆ ಊಟಾನಾ ಅಮ್ಮಾ!' ಅಂದ್ರು. 'ನಿನ್ನಂಥ ದಂಡಪಿಂಡಕ್ಕೇ ಮೂರು ಹೊತ್ತೂ ಹಾಕ್ತಾ ಇದ್ದೀನಿ, ಅವಳಿಗೆ ಒಂದು ಹೊತ್ತು ಹಾಕಲ್ವಾ?' ಅಂದ್ರು ನಮ್ಮತ್ತೆ.

"ಸಂಜೆ ಕಾಕಿ ಮರದ ಹತ್ರ ಒಬ್ಬರೇ ಹೋಗಿ, 'ಬನ್ನಿ ಸೆತ್ಸು, ದಾರಿ ಕಷ್ಟ ಆಯ್ತಾ?' ಅಂತ ಕೇಳಿದ್ರು... ಅಷ್ಟೇ ಕಣ್ರೀ. ಛತ್ರಿ ಮಡಚಿಕೊಳ್ತು. ಒಳಗೆ ಬಂದದ್ದು ಕಾಣಲಿಲ್ಲ, ಹುಲ್ಲುಚಾಪೆ ಮೇಲೆ ಒದ್ದೆ ಹೆಜ್ಜೆ ಮಾತ್ರ ಬಿತ್ತು. ಮಹಡಿಯ ಮೂಲೆ ಕೋಣೆಯಲ್ಲಿ ತಟ್ಟೆ ಇಟ್ವಿ, ಹಾಸಿಗೆ ಹಾಸಿದ್ವಿ. ಬೆಳಿಗ್ಗೆ ನೋಡಿದ್ರೆ ಅನ್ನ ಇಟ್ಟ ಹಾಗೇ ಇತ್ತು, ಬಾಯಿಗಿಟ್ರೆ ಮಾತ್ರ ರುಚಿಯೇ ಇಲ್ಲ, ಸಪ್ಪೆ ಸಪ್ಪೆ. ಪಕ್ಕದಲ್ಲಿ ನನ್ನ ಕೆಲಸದ ಅಂಗಿ ಮಡಚಿಟ್ಟಿತ್ತು. ತೋಳು ಹರಿದು ಎಷ್ಟೋ ದಿನ ಆಗಿತ್ತು, ಹೊಲಿಯಕ್ಕೆ ಪುರುಸೊತ್ತೇ ಆಗಿರಲಿಲ್ಲ. ಹೊಲಿದಿಟ್ಟಿದ್ರು. ನನಗೆ ಅಳು ತಡೆಯಕ್ಕಾಗಲಿಲ್ಲ. ಭಯ ಎಲ್ಲಿ ಹೋಯ್ತೋ ಏನೋ... ಇಂಥವರಿಗೆ 'ಇನ್ನು ಬರಬೇಡಿ' ಅನ್ನೋದು ಹೇಗೆ ಹೇಳಿ?

"ಆದ್ರೆ ಅನ್ನಲೇಬೇಕು, ಮನೆ ಉಳೀಬೇಕು. ಅತ್ತೆ ಹಿಂದಿನ ಸಂಜೆಯಿಂದ ಅದನ್ನೇ ಬಾಯಿಪಾಠ ಮಾಡ್ತಾ ಇದ್ರು. ಪಾತ್ರೆ ಉಜ್ಜುವಾಗಲೂ 'ಇನ್ನು ಬರಬೇಡಿ... ಇನ್ನು ಬರಬೇಡಿ...' ಬೆಳಿಗ್ಗೆ ಹಳದಿ ಛತ್ರಿ ಬಾಗಿಲು ದಾಟಿತು, ಸೇತುವೆ ದಾಟಿತು. ಅತ್ತೆ ತುಟಿ ಬಿಗಿಹಿಡಿದು ನಿಂತಿದ್ರು. ಅವತ್ತು ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛ. ತಿರುವಿನಲ್ಲಿ, ಜಿಜೋ ದೇವರ ಪಕ್ಕ, ಸೆತ್ಸು ಅಕ್ಕ ನಿಂತ್ರು. ತಿರುಗಿ ನೋಡಿದ್ರು. ನನ್ನ ಗಂಡ ಹಿಂದಿನಿಂದ 'ಹೇಳಮ್ಮ, ಹೇಳು' ಅಂತ ತಿವಿದ್ರು. ಅತ್ತೆ ಕೈ ಎತ್ತಿದ್ರು, ಬಾಯಿ ತೆಗೆದ್ರು, ಕಣಿವೆಯೆಲ್ಲ ಕೇಳೋ ಹಾಗೆ ಕೂಗಿದ್ರು...

"'ಹೋಗಿ ಬನ್ನೀ!'"

ಚಿನಾತ್ಸು ಬಾಯಿಗೆ ಕೈ ಅಡ್ಡ ಹಿಡಿದಳು. ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕರು.

"ನನ್ನ ಗಂಡ ಅಲ್ಲೇ ನೆಲದ ಮೇಲೆ ಕುಸಿದು ಕೂತ್ರು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಜನ್ಮವಿಡೀ ಬಾಗಿಲಲ್ಲಿ ನಿಂತು ಅದೊಂದೇ ಮಾತು ಹೇಳಿದ ಬಾಯಿ, ಒಂದು ರಾತ್ರಿಗೆ ಬದಲಾಗತ್ತಾ? ಆದ್ರೆ ತಿರುವಿನಲ್ಲಿ ಆ ಹಳದಿ ಛತ್ರಿ ನೆಲ ಮುಟ್ಟೋ ಹಾಗೆ ಬಗ್ಗಿತು. ಆಮೇಲೆ ಇರಲಿಲ್ಲ.

"ಅಲ್ಲಿಂದ ಮುಂದೆ ಪ್ರತಿ ವರ್ಷ ಬಂದ್ರು. ಅಪ್ಪಣೆ ಸಿಕ್ಕಿತ್ತಲ್ಲ! ಆದ್ರೆ ಒಂದೇ ರಾತ್ರಿ, ಅದೂ ಯಾರಿಗೂ ತೊಂದರೆ ಇಲ್ಲದ ಹಾಗೆ. ಬಂದು, ಉಂಡು, ಹರಿದದ್ದು ಏನಾದ್ರೂ ಇದ್ರೆ ಹೊಲಿದು, ಬೆಳಿಗ್ಗೆ ಹೊರಟ್ರು. ದಾರಿಯಲ್ಲಿ ನಿಂತು ನೋಡೋದು ಬಿಟ್ರು, ಜನರ ಭಯ ಕಳೀತು, ಮನೆ ಮತ್ತೆ ತುಂಬ್ತು. ಅತ್ತೆ ಹೋಗೋ ಮುಂಚೆ ನಾನು ಕೇಳೇಬಿಟ್ಟೆ, 'ಅತ್ತೆ, ಅವತ್ತು ಬಾಯಿ ತಪ್ಪಿತಾ, ಬೇಕಂತ ಅಂದ್ರಾ?' ಅಂತ. 'ಬಾಯಿ ತಪ್ತು ಕಣೇ' ಅಂದ್ರು. ಆದ್ರೆ ನಗ್ತಾ ಇದ್ರು. 'ನಾನು ಹೋದ ಮೇಲೂ ಕೈ ಮೇಲೆತ್ತಿ ಬೀಸು. ಅವಳಿಗೆ ಕಾಣಬೇಕು' ಅಂದ್ರು. ಬೀಸಿದೆ. ಇಷ್ಟು ವರ್ಷ ಬೀಸಿದೆ..."

ಅಜ್ಜಿ ಮಾತು ನಿಲ್ಲಿಸಿ ತಮ್ಮ ಎರಡೂ ಕೈ ಎತ್ತಲು ನೋಡಿದರು. ಎದೆಯವರೆಗೆ ಬಂದು ಕೈಗಳು ನಿಂತವು.

"ಹೋದ ವರ್ಷ ಇಷ್ಟೇ ಎತ್ತಕ್ಕೆ ಆಗಿದ್ದು. ಕೂಗಕ್ಕೂ ಗಂಟಲಿಲ್ಲ. ತಿರುವಿಗೆ ಇದು ಕಾಣತ್ತಾ? ಸೆತ್ಸು ಅಕ್ಕ ಬಹಳ ಹೊತ್ತು ನಿಂತು ನೋಡಿದ್ರು ಪಾಪ... ಹೋಗಲೇ ಇಲ್ಲ. ಹಿಮ ಬಿದ್ದಾಗಲೂ ತಿರುವಿನಲ್ಲೇ ಇದ್ರು. ಚೆರ್ರಿ ಹೂ ಬಿಟ್ಟಾಗ ಸೇತುವೆ ಮೇಲೆ. ಬೇಸಿಗೆಯೆಲ್ಲ ಕಾಕಿ ಮರದ ಕೆಳಗೆ. ನಾನು ಕರೀತಾನೇ ಇದ್ದೆ, ಒಳಗೆ ಬರಲಿಲ್ಲ, ಮುನಿಸು. ಇವತ್ತು ಛತ್ರಿ ಒಳಗೆ ಇದೆ ಅಂದ್ರೆ ಮುನಿಸು ಬಿಟ್ಟಿದ್ದಾರೆ. ಒಳ್ಳೇದಾಯ್ತು. ಈ ಎಲೆ ಉದುರಿದ ಮೇಲೆ ನನ್ನ ತಮ್ಮನ ಮಗಳು ನನ್ನನ್ನ ಪೇಟೆಗೆ ಕರ್ಕೊಂಡು ಹೋಗ್ತಾಳೆ, ಈ ಮನೆಗೆ ಬೀಗ. ಅವರನ್ನ ಬೀಗ ಹಾಕಿದ ಮನೇಲಿ ಒಬ್ಬರನ್ನೇ ಬಿಟ್ಟು ಹೋಗಲಾ ನಾನು? ನಾಳೆ ಬೆಳಿಗ್ಗೆ ಕಳಿಸಲೇಬೇಕು. ಯಾರಾದ್ರೂ ಕೈ ಎತ್ತಬೇಕು."

ಅಜ್ಜಿ ತಕುಮಾನ ಕಡೆ ನೋಡಿದರು. ಅವನ ಮುಖ ಬಿಳಿಚಿಕೊಂಡಿತ್ತು. "ನಿನ್ನನ್ನ ಕೇಳ್ತಿಲ್ಲ ಬಿಡಪ್ಪ, ನಿನ್ನ ಕೈ ಹಿಡಿಯಕ್ಕೆ ಹೆಂಡತಿ ಇದ್ದಾಳೆ," ಎಂದು ನನ್ನ ಕಡೆ ತಿರುಗಿದರು. "ನಿಮ್ಮ ಕೈ ಉದ್ದ ಇದೆ. ಅಷ್ಟು ವರ್ಷ ಕತ್ತರಿ ಹಿಡಿದ ಕೈ, ಭುಜ ನೋವಿಲ್ಲ ತಾನೆ?"

ನಾನು ಎದ್ದು ನಿಂತು ಕೈ ಎತ್ತಿದೆ. ಬೆರಳು ಮೇಲಿನ ತೊಲೆಗೆ ತಾಗಿತು. ಅಜ್ಜಿ ಮಗುವಿನ ಹಾಗೆ ಖುಷಿಯಾದರು.

"ಬೀಸ್ತೀನಿ ಅಜ್ಜಿ," ಎಂದೆ. "ಆದ್ರೆ ಯಾವ ಮಾತು ಹೇಳಲಿ? ಗುರುಗಳು ಹೇಳಿಕೊಟ್ಟದ್ದಾ?"

"ಹೇಳಿ ನೋಡಿ, ಬಾಯಿಗೆ ಬಂದ್ರೆ. ಆದ್ರೆ ನಿಮಗೂ ಅಭ್ಯಾಸ ಬಿಟ್ಟಿಲ್ಲ ಅಂದ್ರಲ್ಲ. ಬಾಯಿ ತಪ್ಪಿ 'ಹೋಗಿ ಬನ್ನಿ' ಅಂದುಬಿಟ್ರೆ ಗಾಬರಿ ಬೀಳಬೇಡಿ. ಈ ಮನೆಗಂತೂ ಬೀಗ. ಕಳಿಸಿಕೊಟ್ಟವರ ಮನೆಗೇ ತಾನೇ ಅವರು ವಾಪಸ್ ಬರೋದು?" ಅಜ್ಜಿ ನನ್ನ ಬಟ್ಟಲಿಗೆ ಚಹಾ ಬಗ್ಗಿಸಿದರು. ಪಕ್ಕದಲ್ಲಿ ಇನ್ನೊಂದು ಬಟ್ಟಲಿಟ್ಟು ಅದಕ್ಕೂ ಬಗ್ಗಿಸಿದರು. "ಮುಂದಿನ ವರ್ಷ ಎಲೆ ಕೆಂಪಾದಾಗ ಒಸಾಕಾದಲ್ಲಿ ಬಾಗಿಲು ಹಾಕೋ ಮುಂಚೆ, ಯಾವತ್ತಿನ ಹಾಗೆ ಒಳಗೆ ಇಣುಕಿ 'ಹೋಗಿ ಬರ್ತೀನಿ' ಅನ್ನಿ. ಅಂದು ಸ್ವಲ್ಪ ನಿಂತು ಕೇಳಿ. ಈ ಸಲ ಯಾರೋ ಒಬ್ಬರು 'ಹೋಗಿ ಬನ್ನಿ' ಅಂತಾರೆ."